ತೊಳೆದಷ್ಟೂ ಮುಗಿಯದ ಚಳಿಗಾಲ

ಡೊಂಬಿವಲಿಯ ಚಳಿಗೆ ಸ್ವೆಟರ್ ಬೇಕಾಗುವುದಿಲ್ಲ. ಫ್ಯಾನು ಆರಿಸಿ, ತುಟಿಗೆ ಒಂದಿಷ್ಟು ತುಪ್ಪ ಸವರಿಕೊಂಡರೆ ಸಾಕು. ಆದರೆ ಬೆಳಗಿನ ಹೊತ್ತು ಅದು ಊರನ್ನೇ ಬೇರೆ ಮಾಡಿಬಿಡುತ್ತದೆ. ನಮ್ಮ ಮನೆಯ ಕಿಟಕಿ ತೆರೆದರೆ ಎದುರಿನ ಕಟ್ಟಡದ ಕೆಳಗಿನ ಅರ್ಧ ಇರುವುದಿಲ್ಲ. ಮೇಲಿನ ನೀರಿನ ಟಾಕಿಗಳು ಮಾತ್ರ ಬಿಳಿಯ ನಡುವೆ ತೇಲುತ್ತಿರುತ್ತವೆ. ಕಾರ್ಖಾನೆಗಳ ಕಡೆಯಿಂದ ಹುಳಿ ಹುಳಿಯಾದ ಒಂದು ವಾಸನೆ ಬರುತ್ತದೆ. ಸ್ಟೇಷನ್ನಿನ ಅನೌನ್ಸ್‌ಮೆಂಟು ನೀರಿನೊಳಗಿಂದ ಯಾರೋ ಕರೆದ ಹಾಗೆ ಕೇಳಿಸುತ್ತದೆ. ಆ ಹೊತ್ತಿನಲ್ಲಿ ನಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬರುವುದುಂಟು.

ಅಂಥ ಒಂದು ಚಳಿಗಾಲದಲ್ಲಿ ನನಗೆ ಭಯದ ಕಾಯಿಲೆ ಹಿಡಿಯಿತು. ಆಗ ನಾನು ಠಾಣೆ ನಗರದ ಒಂದು ಕಚೇರಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಯಜಮಾನರಿಗೆ ಘಣಸೋಲಿಯಲ್ಲಿ ಕೆಲಸ, ಮಗಳಿಗೆ ನೆರೂಳದಲ್ಲಿ ಕಾಲೇಜು. ಹಗಲೆಲ್ಲ ಮನೆಯಲ್ಲಿ ಅತ್ತೆ ಒಬ್ಬರೇ. ನನ್ನ ತವರು ಉಡುಪಿ ಕಡೆ, ಅವರದು ವಿಜಯಪುರ ಕಡೆ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಕನ್ನಡ ಅವರಿಗೆ ಪಾಠ ಒಪ್ಪಿಸಿದ ಹಾಗೆ, ಅವರ ಕನ್ನಡ ನನಗೆ ಜಗಳ ತೆಗೆದ ಹಾಗೆ ಕೇಳುತ್ತಿತ್ತು. ಈಗ ಒಬ್ಬರ ಮಾತು ಒಬ್ಬರಿಗೆ ಮೈಗೂಡಿದೆ.

ದೀಪಾವಳಿ ಕಳೆದ ಮೇಲೆ ಯಜಮಾನರಿಗೆ ಕೆಮ್ಮು ಹತ್ತಿತು. ಹೊಗೆಯ ದಿನಗಳಲ್ಲಿ ಇಲ್ಲಿ ಕೆಮ್ಮದವರು ಯಾರು? ಆದರೆ ಅದು ಬಿಡಲಿಲ್ಲ. ಸಂಜೆ ಸಣ್ಣಗೆ ಜ್ವರವೂ ಬರತೊಡಗಿತು. ನಮ್ಮ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಒಂದು ಎಕ್ಸ್‌ರೇ ಮಾಡಿಸಿಬಿಡಿ, ಕಫವನ್ನೂ ಟೆಸ್ಟಿಗೆ ಕೊಡಿ. ಟಿ.ಬಿ. ಅಲ್ಲ ಅಂತ ಒಮ್ಮೆ ಖಾತ್ರಿ ಆಗಲಿ" ಎಂದರು. ಪಕ್ಕದ ಕಲ್ಯಾಣ ಊರಿಗೆ ಹೋಗಿ ಎಲ್ಲ ಮಾಡಿಸಿದೆವು. ರಿಪೋರ್ಟು ಚೊಕ್ಕಟವಾಗಿತ್ತು. "ಏನೂ ಇಲ್ಲ, ಹವೆಯ ಕೆಮ್ಮು" ಎಂದು ಡಾಕ್ಟರು ನಕ್ಕರು. ಯಜಮಾನರು ಸಿರಪ್ ಕುಡಿದರು, ಗುಣವಾದರು, ಆಫೀಸಿಗೆ ಹೊರಟರು.

ಅವರ ಕೆಮ್ಮು ಹೋಯಿತು. ಡಾಕ್ಟರು ಆಡಿದ ಆ ಎರಡಕ್ಷರ ಮಾತ್ರ ನಮ್ಮ ಮನೆಯಲ್ಲಿ ಉಳಿದುಕೊಂಡಿತು.

ಮೊದಲು ಅವರ ದಿಂಬಿನ ಕವರನ್ನು ಬಿಸಿನೀರಿನಲ್ಲಿ ಕುದಿಸಿದೆ. ಆಮೇಲೆ ಲೋಟ. ಆಮೇಲೆ ಅವರು ಮುಟ್ಟಿದ ಟಿವಿ ರಿಮೋಟು, ಬಾಗಿಲ ಚಿಲಕ, ಸ್ವಿಚ್ಚು. ಇಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಚಿಲಕ ಮುಟ್ಟಿದ ಕೈ ಹಾಲಿನ ಪ್ಯಾಕೆಟ್ಟನ್ನೂ ಮುಟ್ಟಿತ್ತಲ್ಲ? ಆ ಪ್ಯಾಕೆಟ್ಟು ಫ್ರಿಜ್ಜಿನಲ್ಲಿ ಕೊತ್ತಂಬರಿಗೆ ತಾಗಿಕೊಂಡೇ ಇತ್ತಲ್ಲ? ಯೋಚನೆ ಮನೆಯ ಮೂಲೆ ಮೂಲೆಗೆ ಹರಿಯಿತು. ಕಣ್ಣಿಗೆ ಕಾಣದ್ದು ನನಗೆ ಕಾಣತೊಡಗಿತು. ರಂಗೋಲಿ ಹಿಟ್ಟಿಗಿಂತ ನಯವಾದ, ತಿಳಿನೀಲಿಯ ಒಂದು ಪುಡಿ. ಅದು ಒಬ್ಬರ ಬೆರಳಿನಿಂದ ಇನ್ನೊಬ್ಬರ ಬೆರಳಿಗೆ, ಹಿಡಿಕೆಯಿಂದ ತಟ್ಟೆಗೆ, ತಟ್ಟೆಯಿಂದ ತುತ್ತಿಗೆ ಮೆಲ್ಲಗೆ ದಾಟಿಕೊಂಡು ಹೋಗುತ್ತಿತ್ತು. ಮಂಜಿನ ಬೆಳಕು ಕಿಟಕಿಯಿಂದ ಒಳಬಂದಾಗ ಅದರಲ್ಲಿ ಹಾರುವ ಧೂಳನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಹೆದರಿಕೆಯ ಜೊತೆಗೆ ಅದರಲ್ಲಿ ಒಂದು ಬಗೆಯ ಚೆಲುವೂ ಇತ್ತು ಎಂದರೆ ಯಾರೂ ನಂಬಲಾರರು.

ಹೊರಗಿನಿಂದ ಬಂದವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನೇರ ಬಚ್ಚಲಿಗೆ ಹೋಗಿ ಬಟ್ಟೆ ಬದಲಿಸಬೇಕೆಂದು ನಿಯಮ ಮಾಡಿದೆ. ಮಗಳು ಗೊಣಗಿದಳು, "ಮಮ್ಮಿ, ಯೇ ಕ್ಯಾ ಹೈ! ನಾನು ಆಪರೇಷನ್ ಥಿಯೇಟರ್‌ಗೆ ಬರ್ತಾ ಇದೀನಾ?" ಯಜಮಾನರು ನೇರ ಬಚ್ಚಲಿಗೆ ಹೋದರು. ಅತ್ತೆಗೆ ಮಾತ್ರ ಮೊದಮೊದಲು ಖುಷಿಯೇ ಆಯಿತು. ಕೆಳಗಿನ ಮನೆಯವರ ಎದುರು ಅವರು ಹೇಳಿದ್ದನ್ನು ನಾನೇ ಕೇಳಿದ್ದೆ. "ನಮ್ಮ ಸೊಸಿ ನೋಡ್ರಿ, ಈಗಿನ ಕಾಲದಾಗ ಇಷ್ಟು ಮಡಿ ಯಾರು ಮಾಡ್ತಾರ? ನಾ ಸುದ್ದಾ ಮಾಡಲಿಲ್ಲ."

ಕೈಗಳ ಮೇಲಿನ ಚರ್ಮ ಮೊದಲು ಬೆಳ್ಳಗಾಯಿತು, ಆಮೇಲೆ ಬಿರಿಯಿತು. ಚಳಿಗಾಲದ ಒಣಗಾಳಿ ಬೇರೆ. ಗೆಣ್ಣುಗಳಲ್ಲಿ ಸಣ್ಣ ಸಣ್ಣ ಕೆಂಪು ಗೀರು. ಗಾಯವಾದರೆ ಅಲ್ಲಿಂದಲೇ ರೋಗ ಒಳಗೆ ನುಗ್ಗುತ್ತದೆ ಎಂದು ಹೆದರಿ ಇನ್ನಷ್ಟು ತೊಳೆದೆ.

ಠಾಣೆಗೆ ಹೋಗುವ ಲೋಕಲ್ ರೈಲು ಅದಕ್ಕಿಂತ ಕಷ್ಟವಾಯಿತು. ಹೆಂಗಸರ ಡಬ್ಬಿಯಲ್ಲಿ ಬಾಗಿಲ ಕಂಬ ಹಿಡಿಯದೆ, ಮೇಲಿನ ಹಿಡಿಕೆ ಹಿಡಿಯದೆ, ಎರಡು ಕೈಯನ್ನೂ ದುಪಟ್ಟಾದೊಳಗೆ ಮುದುಡಿಕೊಂಡು ನಿಲ್ಲುತ್ತಿದ್ದೆ. ಗಾಡಿ ತಿರುವಿನಲ್ಲಿ ವಾಲಿದರೆ ನಾನೂ ಯಾರ ಮೇಲಾದರೂ ವಾಲುತ್ತಿದ್ದೆ. ಯಾರಾದರೂ ಕೆಮ್ಮಿದರೆ ಉಸಿರು ಹಿಡಿದುಕೊಂಡು, ಮುಂದಿನ ಸ್ಟೇಷನ್ ಬರುವವರೆಗೆ ಬಿಡದಿರಲು ನೋಡುತ್ತಿದ್ದೆ. ತಲೆ ಸುತ್ತುತ್ತಿತ್ತು. ತಲೆ ಸುತ್ತಿದ್ದರಿಂದ ನನಗೆ ಏನೋ ಆಗಿದೆ ಎಂದು ಖಾತ್ರಿಯಾಗುತ್ತಿತ್ತು. ಒಂದು ದಿನ ನಡುದಾರಿಯ ದಿವಾ ಸ್ಟೇಷನ್ನಿನಲ್ಲೇ ಇಳಿದುಬಿಟ್ಟೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಬಾಟಲಿಯ ನೀರೆಲ್ಲ ಕೈಮೇಲೆ ಸುರಿದುಕೊಂಡೆ. ಸಮುದ್ರದ ಹಿನ್ನೀರು ತುಂಬುವ ಖಾಡಿಯ ಕಡೆಯಿಂದ ಮಂಜು ಏಳುತ್ತಿತ್ತು. ಗಾಡಿಗಳು ಒಂದರ ಹಿಂದೊಂದು ಅದರೊಳಗೆ ಹೊಕ್ಕು ಸದ್ದಿಲ್ಲದೆ ಕರಗಿಹೋಗುತ್ತಿದ್ದವು. ಆಫೀಸಿಗೆ ಫೋನ್ ಮಾಡಿ ಹುಷಾರಿಲ್ಲ ಎಂದೆ. ರಜೆ ಬೆಳೆಯಿತು.

ಮನೆಯಲ್ಲಿ ಕೂತರೆ ಇನ್ನೊಂದು ಕೆಲಸ ಸಿಕ್ಕಿತು. ಕನ್ನಡಿಯ ಎದುರು ಬಾಯಿ ತೆರೆದು, ಮೊಬೈಲಿನ ಟಾರ್ಚ್ ಹಿಡಿದು ಗಂಟಲು ನೋಡುವುದು. ಕತ್ತಿನಲ್ಲಿ ಗಂಟು ಇದೆಯೇ ಎಂದು ಒತ್ತಿ ನೋಡುವುದು. ಒತ್ತಿ ಒತ್ತಿ ಅಲ್ಲಿ ನೋವಾಗುತ್ತಿತ್ತು. ನೋವು ಇದೆ ಎಂದು ಡಾಕ್ಟರ ಬಳಿ ಓಡುತ್ತಿದ್ದೆ. "ಏನೂ ಇಲ್ಲ" ಎಂದು ಅವರು ಹೇಳಿದ ಮೇಲೆ ದವಾಖಾನೆಯ ಮೆಟ್ಟಿಲಿಳಿದು ಬರುವಾಗ ಲೋಕ ಎಷ್ಟು ಹಗುರವಾಗಿರುತ್ತಿತ್ತು! ಹಣ್ಣಿನ ಗಾಡಿಯ ಕಿತ್ತಳೆಗಳು ಹೊಳೆಯುತ್ತಿದ್ದವು. ಸಂಜೆಯೊಳಗೆ ಆ ಹೊಳಪು ಆರಿ, "ಅವರು ಸರಿಯಾಗಿ ನೋಡಿದರೋ ಇಲ್ಲವೋ" ಎಂಬ ಮಾತು ಒಳಗಿನಿಂದ ಏಳುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ಏನವಾ, ನಿನ್ನ ಮಡಿ ಯಾವಾಗ ಮುಗೀತದ?"

"ಎಂಥ ಮಡಿ ಅತ್ತೆ? ಇದು ಮಡಿ ಅಲ್ಲ. ಕೈ ತೊಳೀತಾ ಇದ್ದೇನೆ ಅಷ್ಟೇ."

"ಅದನ್ನs ನಾನೂ ಹೇಳೋದು. ಮಡಿ ಅಂದ್ರ ಅದಕ್ಕೊಂದು ಹೊತ್ತು ಇರ್ತದ. ಉಟ್ಟು ನಿಂತ್ರ, ನೈವೇದ್ಯ ಆತು, ಊಟ ಆತು, ಬಿಚ್ಚಿ ಗೂಟಕ್ಕ ಹಾಕಿದ್ವಿ, ಆತು. ನಿಂದು ಬಿಚ್ಚಂಗಿಲ್ಲಲ್ಲ. ಮುಂಜಾನಿಂದ ಉಟ್ಟೇ ನಿಂತೀ."

ನೀರು ಹರಿಯುತ್ತಲೇ ಇತ್ತು. ಅತ್ತೆ ಸುಲಿದ ಕಾಳನ್ನು ಬದಿಗಿಟ್ಟು ಎದ್ದು ಬಂದರು, ನಲ್ಲಿ ನಿಲ್ಲಿಸಿದರು. ನನ್ನ ಕೈಯನ್ನು ತಮ್ಮ ಸೀರೆಯ ಸೆರಗಿನಲ್ಲಿ ಒರೆಸಿದರು. ಆ ಸೆರಗು ಎಲ್ಲೆಲ್ಲಿ ತಾಗಿತ್ತು ಎಂದು ನನ್ನ ತಲೆ ಲೆಕ್ಕ ಹಾಕುತ್ತಿದ್ದರೂ ಕೈ ಎಳೆದುಕೊಳ್ಳಲಿಲ್ಲ.

"ನಮ್ಮ ಮನ್ಯಾಗ ಒಬ್ಬಾಕಿ ಇದ್ಲು," ಎಂದರು ಅವರು. "ನನ್ನ ಅತ್ತಿಯ ಅಕ್ಕ. ಸಣ್ಣ ವಯಸ್ಸಿಗೆ ಗಂಡನ್ನ ಕಳಕೊಂಡು ಬಂದಾಕಿ. ಕಟಗಿ ಸುದ್ದಾ ತೊಳದು ಒಲಿಗೆ ಇಡ್ತಿದ್ಲು. ಹಸಿ ಕಟಗಿ ಹೊತ್ತತಿರಲಿಲ್ಲ, ಮನಿ ತುಂಬ ಹೊಗಿ. ಎಲ್ಲಾರೂ ಮಡಿಯಜ್ಜಿ ಮಡಿಯಜ್ಜಿ ಅಂತ ನಗ್ತಿದ್ರು. ನಾನೂ ನಗ್ತಿದ್ದೆ. ಆಕಿ ಕೈ ಹಿಂಗs ಇದ್ದವು, ನಿನ್ನಂಗs. ಬೆಳ್ಳಗ, ನೀರಾಗ ನೆನಸಿದ ಶೇಂಗಾದಂಗ. ಈಗ ಅನಸ್ತದ, ಆಕಿಗೆ ಹೆದರಿಕಿ ಇತ್ತೇನೋ. ಯಾರೂ ಕೇಳಲಿಲ್ಲ ನೋಡು. ದೊಡ್ಡ ಮಡಿವಂತಿ ಅಂತ ಕಾಲಿಗೆ ಬಿದ್ದು ಸುಮ್ಮನಾದ್ರು."

ಆ ಸಂಜೆ ಅತ್ತೆ ಮಗನ ಹತ್ತಿರ ಏನು ಮಾತಾಡಿದರೋ ನನಗೆ ತಿಳಿಯದು. ಮರುದಿನ ಯಜಮಾನರು ರಜೆ ಹಾಕಿ ನನ್ನ ಪಕ್ಕ ಕೂತರು. "ಠಾಣೆಯಲ್ಲಿ ಒಬ್ರು ಮನಸ್ಸಿನ ಡಾಕ್ಟರ್ ಇದಾರಂತ. ನನ್ನ ಆಫೀಸಿನವರೊಬ್ರು ತೋರಿಸಿಕೊಂಡಾರ. ಹೋಗಿ ಬರೋಣು, ನಾನೂ ಬರ್ತೀನಿ" ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. ನನಗೆ ಅಳು ಬಂತು. ಅಳುವಾಗಲೂ ಕಣ್ಣೊರೆಸಲು ಕೈ ಎತ್ತದೆ, ಹಾಗೆಯೇ ಹರಿಯಲು ಬಿಟ್ಟೆ.

ಆ ಡಾಕ್ಟರು ಐವತ್ತರ ಆಚೀಚಿನ ಮರಾಠಿ ಹೆಂಗಸು. ನಾವು ಹೋದ ದಿನವೇ ಅವರಿಗೆ ನೆಗಡಿ! ಮೂಗು ಕೆಂಪಾಗಿತ್ತು. ನಾನು ಕುರ್ಚಿಯ ತುದಿಯಲ್ಲಿ ಕೂರುವಷ್ಟರಲ್ಲೇ ಅವರು ಕರವಸ್ತ್ರಕ್ಕೆ ಎರಡು ಸಲ ಸೀನಿದರು. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. ಮರಾಠಿ ಬೆರೆತ ಹಿಂದಿಯಲ್ಲಿ ಕೇಳಿದರು, "ಎದ್ದು ಓಡಬೇಕು ಅನ್ನಿಸುತ್ತಿದೆಯೇ?"

"ಹೌದು" ಎಂದೆ.

"ಒಳ್ಳೆಯದು. ಓಡದೆ ಕೂತಿದ್ದೀರಿ. ಇವತ್ತಿನ ಪಾಠ ಅರ್ಧ ಆಗಿಹೋಯಿತು."

ಅವರು ನನ್ನನ್ನು ನೋಡಿ ನಗಲೂ ಇಲ್ಲ, ಗದರಿಸಲೂ ಇಲ್ಲ. ಇದು ಒಂದು ಕಾಯಿಲೆ, ಬಹಳ ಜನರಿಗೆ ಬರುತ್ತದೆ, ಇದಕ್ಕೆ ಚಿಕಿತ್ಸೆ ಇದೆ ಎಂದರು. ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿದರು. "ಗಾಡಿಯಲ್ಲಿ ಬರುವಾಗ ಖಾಡಿ ನೋಡುತ್ತೀರಲ್ಲ? ಸಮುದ್ರದ ನೀರು ಅದರಲ್ಲಿ ಏರಿ ಬರುತ್ತದೆ. ಎಷ್ಟು ಏರಿದರೂ ಕೊನೆಗೆ ಇಳಿಯಲೇಬೇಕು. ನಿಮ್ಮ ಭಯವೂ ಹಾಗೆಯೇ. ಅದು ಏರುವಾಗಲೇ ನೀವು ಕೈ ತೊಳೆದುಬಿಡುತ್ತೀರಿ. ತಾನಾಗಿ ಇಳಿಯುವುದನ್ನು ನೀವು ಒಮ್ಮೆಯೂ ನೋಡಿಲ್ಲ. ಊಟದ ಮುಂಚೆ ತೊಳೆಯಿರಿ, ಪಾಯಿಖಾನೆಗೆ ಹೋಗಿ ಬಂದ ಮೇಲೆ ತೊಳೆಯಿರಿ. ಉಳಿದ ಹೊತ್ತು ಮುಟ್ಟಿ, ಸುಮ್ಮನೆ ಕೂತು ನೋಡಿ." ಯಜಮಾನರ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು. "ಇದು ಶುದ್ಧವೇ, ನನಗೆ ಏನಾದರೂ ಆಗುತ್ತದೆಯೇ ಅಂತ ಇವರು ಕೇಳಿದರೆ ಮನೆಯಲ್ಲಿ ಯಾರೂ ಸಮಾಧಾನ ಹೇಳಬೇಡಿ. ಗೊತ್ತಿಲ್ಲ ಅನ್ನಿ, ಸಾಕು."

ಈ ಕೆಲಸವನ್ನು ಅತ್ತೆ ಬಹಳ ಶ್ರದ್ಧೆಯಿಂದ ವಹಿಸಿಕೊಂಡರು.

"ಅತ್ತೆ, ಈ ಲೋಟ ಯಾರಾದ್ರೂ ಮುಟ್ಟಿದ್ರಾ?"

"ನಂಗೇನ್ ಗೊತ್ತವಾ!"

"ಅತ್ತೆ, ಹಾಲಿನವ ಇವತ್ತು ಕೆಮ್ತಿದ್ನಾ?"

"ನಂಗೇನ್ ಗೊತ್ತ! ಡಾಕ್ಟರಮ್ಮ ಹೇಳಬ್ಯಾಡ ಅಂದಾಳ."

ರೂಢಿ ಎಷ್ಟು ಬಲವಾಯಿತೆಂದರೆ, ಸಂಜೆ ಮನೆಗೆ ಬಂದ ಯಜಮಾನರು "ಅವ್ವಾ, ಅಡಿಗಿ ಏನದ?" ಎಂದರೂ "ನಂಗೇನ್ ಗೊತ್ತ" ಎಂದುಬಿಟ್ಟರು. ಮನೆಯವರೆಲ್ಲ ನಕ್ಕೆವು. ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ಕೇಳಿದ ನಗು ಅದು.

ಚಿಲಕ ಮುಟ್ಟಿ ಸೋಫಾದ ಮೇಲೆ ಕೂರುತ್ತಿದ್ದೆ. ಕೈ ತೊಡೆಯ ಮೇಲೆ ಅಂಗಾತ ಇರುತ್ತಿತ್ತು, ಬೇರೆ ಯಾರದೋ ಕೈಯನ್ನು ನನ್ನ ಬಳಿ ಕಾಯಲು ಬಿಟ್ಟುಹೋದ ಹಾಗೆ. ಎದೆ ಡವಡವ ಎನ್ನುತ್ತಿತ್ತು. ನೀಲಿ ಪುಡಿ ಬೆರಳಿನಿಂದ ಮುಂಗೈಗೆ, ಮುಂಗೈಯಿಂದ ಮೊಣಕೈಗೆ ಏರುವುದು ಕಾಣುತ್ತಿತ್ತು. ಹೊರಗೆ ಯಾವುದೋ ಮನೆಯ ಕುಕ್ಕರ್ ಕೂಗುತ್ತಿತ್ತು. ಪಾರಿವಾಳಗಳು ಗ್ರಿಲ್ಲಿನ ಮೇಲೆ ಗೊಣಗುತ್ತಿದ್ದವು. ಬಿಸಿಲು ನೆಲದ ಒಂದು ಟೈಲಿನಿಂದ ಮುಂದಿನ ಟೈಲಿಗೆ ಸರಿಯುತ್ತಿತ್ತು. ಯಾವುದೋ ಗಳಿಗೆಯಲ್ಲಿ, ಯಾವಾಗ ಎಂದು ನನಗೇ ತಿಳಿಯದ ಹಾಗೆ, ನಾನು ಬೇರೇನನ್ನೋ ಯೋಚಿಸುತ್ತಿರುತ್ತಿದ್ದೆ. ಎಲ್ಲ ದಿನವೂ ಹಾಗಾಗಲಿಲ್ಲ. ಕೆಲವು ದಿನ ಸೋತು ನಲ್ಲಿಯ ಬಳಿಗೆ ಓಡಿದ್ದೂ ಇದೆ. ಮುಂದಿನ ಸಲ ಡಾಕ್ಟರಿಗೆ ಅದನ್ನು ಹೇಳಿದರೆ ಅವರು "ನಾಳೆ ಮತ್ತೆ" ಎನ್ನುತ್ತಿದ್ದರು.

ಒಂದು ಭಾನುವಾರ ಬೆಳಗಿನ ಜಾವ ಮಗಳು ನನ್ನನ್ನು ಎಬ್ಬಿಸಿದಳು. "ಮಮ್ಮಿ, ಚಲ್ ನಾ. ನೆರೂಳದಲ್ಲಿ ಫ್ಲೆಮಿಂಗೊ ಆ ಗಯೇ." ಹೊರಗಿನ ಬೆಂಚು, ಹೊರಗಿನ ಗಾಡಿ ಎಂದು ನಾನು ಹಿಂಜರಿದಾಗ, ಅವಳು ಅಜ್ಜಿಯ ದನಿ ತೆಗೆದು "ನಂಗೇನ್ ಗೊತ್ತವಾ" ಎಂದಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿಯ ಬಾಯಲ್ಲಿ ಆ ಮಾತು ಎಷ್ಟು ಸರಿಯಾಗಿ ಕೂತಿತ್ತೆಂದರೆ ನಾನು ಎದ್ದು ಹೊರಟೆ.

ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಕ್ಕೆ ಹೋದೆವು. ಕೆರೆಯಂಥ ಆ ಜಾಗದಲ್ಲಿ ನೀರೆಲ್ಲಿ ಮುಗಿಯಿತು, ಮಂಜೆಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಮೊದಲು ಬರಿಯ ಗೊಗ್ಗರು ದನಿಯ ಕಲಕಲ. ಬೆಳಕು ತುಸು ಬಲಿತಾಗ ಬಿಳಿಯೊಳಗೆ ಗುಲಾಬಿಯ ಕಲೆಗಳು ಒಂದೊಂದಾಗಿ ಮೂಡಿದವು. ಎದುರಿನ ಎತ್ತರದ ಕಟ್ಟಡಗಳು ಕಾಣದಿದ್ದ ಕಾರಣ ನಾವು ಯಾವ ಊರಿನಲ್ಲೂ ಇಲ್ಲ ಅನ್ನಿಸಿತು. ಹಕ್ಕಿಗಳು ಕಡ್ಡಿಯಂಥ ಕಾಲಿನ ಮೇಲೆ ನಿಂತು, ಕತ್ತು ಬಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿ ಕೆಸರಿನಲ್ಲಿ ಆಡಿಸುತ್ತಿದ್ದವು.

"ಏನು ತಿನ್ತಾವೆ ಅವು?" ಎಂದು ಕೇಳಿದೆ.

"ಕೀಚಡ್ ಮೇ ಜೋ ಹೈ ವೋಹಿ. ಕೆಸರಲ್ಲಿರೋ ಪಾಚಿ, ಹುಳ," ಎಂದಳು ಮಗಳು. "ಉಸೀಸೆ ತೋ ಪಿಂಕ್ ಹೋತೇ ಹೈ, ಮಮ್ಮಿ. ಅದು ತಿನ್ನದೇ ಇದ್ರೆ ಬೆಳ್ಳಗೆ ಆಗ್ತಾವಂತೆ."

ನಾನು ಅವನ್ನೇ ನೋಡುತ್ತ ಇಬ್ಬನಿಯಿಂದ ಒದ್ದೆಯಾದ ಬೆಂಚಿನ ಮೇಲೆ ಕೂತಿದ್ದೆ. ಕೂತಿದ್ದೇನೆ ಎಂಬುದು ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ವಾಪಸು ಬರುವಾಗ ಸ್ಟೇಷನ್ನಿನ ಹೊರಗೆ ಹಣ್ಣಿನ ಗಾಡಿಯಲ್ಲಿ ಮಗಳು ಪೇರಲ ಹಣ್ಣು ಕೊಯ್ಸಿಕೊಂಡು, ಉಪ್ಪು ಖಾರ ಹಚ್ಚಿಸಿಕೊಂಡಳು. ಒಂದು ಹೋಳನ್ನು ನನ್ನ ಮುಂದೆ ಹಿಡಿದಳು. ಗಾಡಿಯವನ ಚಾಕು, ಅವನ ಒರೆಸುವ ಬಟ್ಟೆ, ಎಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ತಿಂದೆ. ರೈಲು ಘಣಸೋಲಿ ದಾಟುವಾಗ ಆ ಚಾಕು ಮತ್ತೆ ಕಣ್ಣ ಮುಂದೆ ಬಂತು. ಮಗಳ ಭುಜಕ್ಕೆ ಒರಗಿ ಕಣ್ಣು ಮುಚ್ಚಿಕೊಂಡೆ. ಅವಳು ಕಿವಿಗೆ ಹಾಕಿಕೊಂಡಿದ್ದ ಹಾಡಿನ ವೈರಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಹೊಟ್ಟೆಗೆ ಏನೂ ಆಗಲಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಅತ್ತೆ ಪ್ರತಿವರ್ಷ ಕುಸುರೆಳ್ಳು ಮಾಡುತ್ತಾರೆ. ಎಳ್ಳಿಗೆ ಸಕ್ಕರೆ ಪಾಕ ಹನಿಸಿ ಹನಿಸಿ, ಪ್ರತಿ ಕಾಳಿನ ಮೇಲೂ ಸಣ್ಣ ಸಣ್ಣ ಮುಳ್ಳು ಏಳಿಸುವ ಕೆಲಸ ಅದು. ಬೆಂಕಿ ಹೆಸರಿಗೆ ಮಾತ್ರ ಇರಬೇಕು, ಹವೆ ತಂಪಾಗಿರಬೇಕು, ಕೈ ಬಿಡುವಂತಿಲ್ಲ. ಆ ವರ್ಷ ಅವರ ಬಲ ಭುಜ ಹಿಡಿದುಕೊಂಡಿತ್ತು. ಹಿತ್ತಾಳೆಯ ಅಗಲ ತಟ್ಟೆ, ಪರಾತವನ್ನು ಸಣ್ಣ ಉರಿಯ ಮೇಲಿಟ್ಟು ನನ್ನನ್ನು ಕರೆದರು.

"ಬಾ ಕೂಡು. ನೀನ ಕೈ ಆಡಿಸಬೇಕು."

"ಚಮಚೆಯಲ್ಲಿ ಆಗುದಿಲ್ವಾ ಅತ್ತೆ?"

"ಚಮಚಾದಾಗ ಮುಳ್ಳು ಏಳಂಗಿಲ್ಲ. ಬೆರಳs ಬೇಕು. ಒಣಾ ಬೆರಳು. ನಡುವ ಎದ್ದು ಕೈ ತೊಳಕೊಂಡು ಬಂದೀ ಅಂದ್ರ ಎಲ್ಲಾ ಅಂಟಿ ಮುದ್ದಿ ಆಗ್ತದ. ನೋಡು ಮತ್ತ."

ಒಮ್ಮೆ ಕೈ ತೊಳೆದು, ಒರೆಸಿಕೊಂಡು ಕೂತೆ. ಅತ್ತೆ ಎಡಗೈಯಿಂದ ಪಾಕ ಹನಿಸಿದರು. ನಾನು ಬೆರಳ ತುದಿಗಳಿಂದ ಎಳ್ಳನ್ನು ಸುತ್ತ ಸುತ್ತ ಸವರಿದೆ. ಮೊದಲು ಕಾಳುಗಳು ಬೆರಳಿಗೆ ಅಂಟಿದವು. ಬಿರಿದ ಗೆಣ್ಣುಗಳಿಗೆ ಪಾಕ ಚುರುಕ್ ಎಂದಿತು. ನನ್ನ ಗಾಯ, ನನ್ನ ಚರ್ಮ, ಊರಿನವರೆಲ್ಲ ತಿನ್ನುವ ಎಳ್ಳು! ಕೈ ತಾನಾಗಿ ಮೇಲೆದ್ದಿತು. "ಆಡಸು," ಎಂದರು ಅತ್ತೆ ನನ್ನ ಮುಖ ನೋಡದೆ. ಆಡಿಸಿದೆ. ಎಳ್ಳು ಮರಳಿನಂತೆ ಸರಸರ ಎನ್ನತೊಡಗಿತು. ಮತ್ತೆ ಹನಿ, ಮತ್ತೆ ಸುತ್ತು. ಕಿಟಕಿಯಾಚೆ ಮಂಜು ಇಳಿದು ಇಳಿದು ಗ್ರಿಲ್ಲಿಗೆ ಒರಗಿತ್ತು. ಅತ್ತೆ ಯಾವುದೋ ಹಾಡನ್ನು ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದರು. ಬೆಚ್ಚಗಿನ ಪರಾತದಿಂದ ಏಳುವ ಸಿಹಿ ಘಮದಲ್ಲಿ ನಾನು ಅರ್ಧ ನಿದ್ದೆಯಲ್ಲಿರುವ ಹಾಗಿದ್ದೆ. ಬೆರಳುಗಳು ಮಾತ್ರ ಎಚ್ಚರವಾಗಿದ್ದವು.

ಹಲವು ಬೆಳಗು ಹೀಗೆ ಕೂತೆವು. ಒಂದು ದಿನ ಅತ್ತೆ ಒಂದು ಕಾಳನ್ನು ನನ್ನ ಅಂಗೈಯಲ್ಲಿಟ್ಟು, "ಕಾಣಸ್ತದೇನು?" ಎಂದರು. ಬಿಳಿಯ ಕಾಳಿನ ಸುತ್ತ ಕೂದಲೆಳೆಯಂಥ ಮುಳ್ಳುಗಳು ಎದ್ದಿದ್ದವು. ನಕ್ಷತ್ರದ ಮರಿಯಂತಿತ್ತು. ಅವರು ಅದನ್ನು ಮರಳಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ನಾನು ನೋಡುತ್ತಿದ್ದೆ. "ಛಲೋ ಆಗೇದ," ಎಂದರು.

ಹಬ್ಬದ ಸಂಜೆ ಕಟ್ಟಡದ ಹೆಂಗಸರೆಲ್ಲ ಅರಿಸಿನ ಕುಂಕುಮಕ್ಕೆ ಬಂದರು. ಇಲ್ಲಿ ಸಂಕ್ರಾಂತಿಗೆಂದೇ ಉಡುವ ಕಪ್ಪು ಸೀರೆ, ಮಲ್ಲಿಗೆ, ಚಪ್ಪಲಿಗಳ ರಾಶಿ. "ತಿಳಗುಳ ಘ್ಯಾ, ಗೋಡ ಗೋಡ ಬೋಲಾ", ಎಳ್ಳುಬೆಲ್ಲ ತಗೊಳ್ಳಿ, ಸಿಹಿಯಾಗಿ ಮಾತಾಡಿ ಎಂದು ಅವರು ನನ್ನ ಕೈಗೆ ಎಳ್ಳುಂಡೆ ಕೊಡುವರು. "ಎಳ್ಳು ಬೆಲ್ಲ ತಗೊಂಡು ನಾವು ನೀವು ಎಳ್ಳು ಬೆಲ್ಲದಂಗ ಇರೋಣ್ರಿ" ಎಂದು ಅತ್ತೆ ಅವರಿಗೆ ಕುಸುರೆಳ್ಳು ಕೊಡುವರು. ಯಾರ ಕೈ ಯಾರ ಕೈಗೆ ತಾಗಿತು ಎಂದು ನೋಡುತ್ತ ನಾನು ಗೋಡೆಗೆ ಒರಗಿ ನಿಂತಿದ್ದೆ. ಕೆಳಗಿನ ಮನೆಯ ಅಜ್ಜಿ ಕೊನೆಗೆ ಬಂದರು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಮೂಗು ಎಳೆಯುತ್ತ, "ಸರ್ದಿ ಆಗಿದೆ ಮಗಾ, ಆದ್ರೂ ಹಬ್ಬ ಬಿಡೋಕಾಗುತ್ತಾ" ಎಂದು ಮರಾಠಿಯಲ್ಲಿ ಹೇಳಿದರು. ನನ್ನ ಹಣೆಗೆ ಕುಂಕುಮವಿಟ್ಟು, ಎಳ್ಳುಂಡೆಯ ಚೂರನ್ನು ನೇರ ನನ್ನ ಬಾಯಿಗೇ ಹಿಡಿದರು. ಅತ್ತೆ ಕೋಣೆಯ ಆಚೆ ತುದಿಯಿಂದ ನೋಡುತ್ತಿದ್ದರು. ನಾನು ಬಾಯಿ ತೆರೆದೆ.

ಎರಡು ದಿನ ಕಳೆದ ಮೇಲೆ ನನಗೆ ಜ್ವರ ಬಂತು.

ಇಷ್ಟು ದಿನ ಹೆದರಿ ಕಾದದ್ದು ಬಂದೇಬಿಟ್ಟಿತು. ಮೂಗು ಕಟ್ಟಿತು, ಗಂಟಲು ಉರಿಯಿತು, ಮೈ ಕಾದ ಹೆಂಚಾಯಿತು. ರಜಾಯಿ ಹೊದ್ದು ಮಲಗಿದೆ. ವಿಚಿತ್ರವೆಂದರೆ, ಹುಡುಕಲು ಇನ್ನೇನೂ ಉಳಿದಿರಲಿಲ್ಲ. ಗಂಟಲು ನೋಡಿಕೊಳ್ಳಬೇಕಾಗಿರಲಿಲ್ಲ, ಅದು ತಾನೇ ನೋಯುತ್ತಿತ್ತು. ಜ್ವರದ ಮಂಪರಿನಲ್ಲಿ ಕೋಣೆ ಮೆಲ್ಲಗೆ ನೀರಿನಲ್ಲಿ ಮುಳುಗುತ್ತಿತ್ತು, ಗುಲಾಬಿ ಹಕ್ಕಿಗಳು ಕಪಾಟಿನ ಮೇಲೆ ಬಂದು ನಿಲ್ಲುತ್ತಿದ್ದವು, ಒಬ್ಬ ಮುದುಕಿ ಮೂಲೆಯಲ್ಲಿ ಕೂತು ಕಟ್ಟಿಗೆ ತೊಳೆಯುತ್ತಿದ್ದಳು. ನಾನು ಅವಳಿಗೆ, "ಸಾಕು, ಇಲ್ಲಿ ಬಂದು ಮಲಕೊಳ್ಳಿ, ಜಾಗ ಉಂಟು" ಎಂದು ಹೇಳಿದ್ದು ನೆನಪಿದೆ. ಅತ್ತೆಯೇ ಬಂದು ಪಕ್ಕದಲ್ಲಿ ಕೂತಿದ್ದಿರಬೇಕು, ಹಣೆಯ ಮೇಲೆ ಒದ್ದೆ ಬಟ್ಟೆ ಇತ್ತು.

"ಅತ್ತೆ, ನಿಮಗೆ ಅಂಟಿಕೊಳ್ಳುದಿಲ್ವಾ?" ಎಂದೆ.

"ನಂಗೇನ್ ಗೊತ್ತ," ಎಂದರು. ಮೆಣಸಿನ ಸಾರಿನ ಬಟ್ಟಲನ್ನು ನನ್ನ ಬಾಯಿಗೆ ಹಿಡಿದರು.

ನಮ್ಮ ಡಾಕ್ಟರು ಜ್ವರದ ಮಾತ್ರೆ ಕೊಟ್ಟು ಮಲಗಿರಿ ಎಂದರು. ಮಲಗಿದೆ. ಜ್ವರ ಬಂದಂತೆಯೇ ಹೋಯಿತು. ಅತ್ತೆಗೂ ಒಂದೆರಡು ದಿನ ನೆಗಡಿ ಆಯಿತು, ಅವರು ಅದನ್ನು ನೆಗಡಿ ಎಂದೇ ಕರೆದರು. ಎದ್ದು ಕಿಟಕಿಯ ಬಳಿ ಕೂತ ಮೊದಲ ಬೆಳಿಗ್ಗೆ ನನ್ನ ಮೈ ಒಗೆದು ಹಿಂಡಿದ ಬಟ್ಟೆಯಂತೆ ಹಗುರವಾಗಿತ್ತು. ಇಷ್ಟೇನಾ ಎಂದುಕೊಂಡೆ. ಇಷ್ಟೇ ಅಲ್ಲದ ಕಾಯಿಲೆಗಳೂ ಲೋಕದಲ್ಲಿವೆ ಎಂದು ನನಗೆ ಗೊತ್ತು. ಅವು ಬರುವ ದಿನ ಬಂದಾವು. ಅದಕ್ಕೆ ಮೊದಲೇ ದಿನಾ ಅವಕ್ಕೆ ಬಾಗಿಲು ತೆರೆದಿಟ್ಟು ಕೂರುವ ಶಕ್ತಿ ಆ ಬೆಳಿಗ್ಗೆ ನನ್ನಲ್ಲಿರಲಿಲ್ಲ. ಹಸಿವಾಗಿತ್ತು. ತಂಗಳು ರೊಟ್ಟಿಗೆ ಮೊಸರು ಹಾಕಿಕೊಂಡು ತಿಂದೆ.

ಪೂರ್ತಿ ಗುಣವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಹವೆ ಒಣಗತೊಡಗಿದರೆ, ಯಾರಾದರೂ ಗಟ್ಟಿಯಾಗಿ ಕೆಮ್ಮಿದರೆ, ಆ ನೀಲಿ ಪುಡಿ ಅಲ್ಲಿ ಇಲ್ಲಿ ಮಿನುಗುತ್ತದೆ. ನೋಡುತ್ತೇನೆ. ಕೆಲವೊಮ್ಮೆ ಒಂದು ಸಲ ಹೆಚ್ಚಿಗೆ ತೊಳೆಯುತ್ತೇನೆ. ಮಾತ್ರೆಯನ್ನು ಠಾಣೆಯ ಡಾಕ್ಟರು ಎಷ್ಟೋ ತಿಂಗಳ ಮೇಲೆ ನಿಧಾನಕ್ಕೆ ಇಳಿಸಿದರು. ಕೆಲಸಕ್ಕೆ ಮಾತ್ರ ಜ್ವರ ಬಿಟ್ಟ ಕೆಲವೇ ದಿನಗಳಲ್ಲಿ ಮರಳಿದೆ.

ಆ ಫೆಬ್ರವರಿಯ ಒಂದು ಸಂಜೆ ಠಾಣೆಯಿಂದ ಮನೆಗೆ ಹೊರಟಿದ್ದೆ. ಪುಣ್ಯಕ್ಕೆ ಕಿಟಕಿಯ ಪಕ್ಕ ಕೂರಲು ಸಿಕ್ಕಿತು. ಪಕ್ಕದಲ್ಲಿ ಒಬ್ಬಳು ಹೆಂಗಸು, ಉಲ್ಹಾಸನಗರದ ಯಾವುದೋ ಅಂಗಡಿಗೆ ಮಾಲು ಒಯ್ಯುವವಳಿರಬೇಕು, ತೊಡೆಯ ಮೇಲೆ ದೊಡ್ಡ ಬಟ್ಟೆಯ ಗಂಟು. ಮುಂಬ್ರಾ ದಾಟುವಷ್ಟರಲ್ಲಿ ಅವಳಿಗೆ ಜೋಂಪು ಹತ್ತಿತು. ತಲೆ ತೂಗಿ ತೂಗಿ ಕೊನೆಗೆ ನನ್ನ ಭುಜದ ಮೇಲೆ ಬಂದು ನಿಂತಿತು. ಕೊಬ್ಬರಿ ಎಣ್ಣೆ, ಬೆವರು, ಹೊಸ ಬಟ್ಟೆಯ ಗಂಜಿಯ ವಾಸನೆ. ಅವಳ ಉಸಿರು ನನ್ನ ಕತ್ತಿಗೆ ಬೆಚ್ಚಗೆ ತಾಗುತ್ತಿತ್ತು. ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು. ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಹೊರಗೆ ಖಾಡಿಯ ನೀರಿನ ಮೇಲೆ ಸಂಜೆಗೆಂಪು ಹರಡಿಕೊಂಡಿತ್ತು.

ಡೊಂಬಿವಲಿ ಬಂತು. ಜನ ಇಳಿದರು, ಜನ ಹತ್ತಿದರು. ನಾನು ಎದ್ದರೆ ಅವಳಿಗೆ ಎಚ್ಚರವಾಗುತ್ತಿತ್ತು. ಏಳಲಿಲ್ಲ. ಗಾಡಿ ಹೊರಟಿತು. ನಮ್ಮ ಕಟ್ಟಡದ ಕಡೆಯ ದೀಪಗಳು ಹಿಂದಕ್ಕೆ ಸರಿದವು.

ಕಲ್ಯಾಣದಲ್ಲಿ ಗದ್ದಲಕ್ಕೆ ಅವಳೇ ಎಚ್ಚೆತ್ತು, ನನ್ನ ಭುಜವನ್ನು ತನ್ನ ಸೆರಗಿನಿಂದ ಒರೆಸುತ್ತ, "ಸಾರೀ ಹಾ ತಾಯಿ, ಯಾವಾಗ ನಿದ್ದೆ ಬಂತೋ ತಿಳೀಲಿಲ್ಲ. ನೀವು ಎಲ್ಲಿ ಇಳೀಬೇಕಿತ್ತು?" ಎಂದು ಹಿಂದಿಯಲ್ಲಿ ಕೇಳಿದಳು.

"ಇಲ್ಲೇ," ಎಂದೆ. ಅವಳೂ ಗಾಡಿ ಬದಲಿಸಲು ಇಳಿಯುವವಳಿದ್ದಳು. ಅವಳ ಗಂಟಿನ ಒಂದು ತುದಿ ಹಿಡಿದು ಎತ್ತಿಕೊಟ್ಟು, ಡೊಂಬಿವಲಿಗೆ ಮರಳುವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ನೋಡಲು ಮೆಟ್ಟಿಲ ಕಡೆ ನಡೆದೆ.